ಆಟಗಾರ ಎದ್ದು ಹೋದ, ಮಂಡಳಿ ಕೂತೇ ಇತ್ತು!

ಮಳೆಗಾಲ ಬಂತೆಂದರೆ ಸಾಗರ, ಹೊಸನಗರದ ಬಸ್ಸುಗಳಲ್ಲಿ ಒಂದೇ ಪ್ರಶ್ನೆ: ಲಿಂಗನಮಕ್ಕಿಗೆ ಎಷ್ಟು ಅಡಿ ನೀರು ಬಂತು? 1819 ಅಡಿ ಮುಟ್ಟದಿದ್ದರೆ ಗೇಟಿನ ಅಧಿಕಾರ ಯಾರದ್ದಾದರೇನು! ಇಂಗ್ಲೆಂಡಿನ ಒಂದು ದೊಡ್ಡ ಕ್ರೀಡಾ ಮಂಡಳಿಗೆ ಈ ಸಂಗತಿ ತಲೆಗೆ ಹೋಗಲಿಲ್ಲ. ಅದನ್ನು ತೋರಿಸಿಕೊಟ್ಟವನು ಸ್ನೂಕರ್ ವೀರ ಜೋ ಡೇವಿಸ್.

ಬಣ್ಣದ ಚೆಂಡುಗಳನ್ನು ಕೋಲಿನಿಂದ ಮೇಜಿನ ತೂತಿಗೆ ಕೆಡವುವ ಈ ಆಟ ನಮ್ಮ ಜಬಲ್ಪುರದ ಮಿಲಿಟರಿ ಮೆಸ್ಸಿನಲ್ಲಿ ಹುಟ್ಟಿ, ಊಟಿ ಕ್ಲಬ್ಬಿನಲ್ಲಿ ನಿಯಮ ಕಂಡದ್ದು. ವಿಲಾಯತಿಯಲ್ಲಿ ಅದಕ್ಕೂ ಬಿಲಿಯರ್ಡ್ಸಿಗೂ ಯಜಮಾನಿಕೆ ಮಾಡುತ್ತಿದ್ದದ್ದು 1919ರಲ್ಲಿ ಎರಡು ಸಂಘ ಕೂಡಿ ಆದ ಮಂಡಳಿ. ಬಿಲಿಯರ್ಡ್ಸ್ ಅಸೋಸಿಯೇಷನ್ ಅಂಡ್ ಕಂಟ್ರೋಲ್ ಕೌನ್ಸಿಲ್ ಎಂದು ಅದು ಹೆಸರಾಯಿತು. ನಿಯಮ ಅದರದು, ಬಿರುದೂ ಅದರದೇ.

ಜೋ ಹುಟ್ಟಿದ್ದು 1901ರಲ್ಲಿ, ಡರ್ಬಿಷೈರಿನಲ್ಲಿ. ಅಪ್ಪ ಕಲ್ಲಿದ್ದಲು ಗಣಿ ಬಿಟ್ಟು ಮದ್ಯದಂಗಡಿ ಹಿಡಿದವನು. ಅಲ್ಲಿದ್ದ ಬಿಲಿಯರ್ಡ್ಸ್ ಮೇಜೇ ಮಗನ ಪಾಠಶಾಲೆ. ಸ್ನೂಕರಿಗೂ ವಿಶ್ವ ಸ್ಪರ್ಧೆ ಬೇಕೆಂದು ಬೆನ್ನು ಹತ್ತಿ ಮಂಡಳಿಯನ್ನು ಒಪ್ಪಿಸಿದವನೂ ಅವನೇ, 1927ರಲ್ಲಿ ಅದನ್ನು ಗೆದ್ದವನೂ ಅವನೇ. ಕೈಗೆ ಬಂದದ್ದು ಮಾತ್ರ ಆರೂವರೆ ಪೌಂಡು! ಆಟಗಾರರಿಗೆ ಸೇರಬೇಕಾದ ದುಡ್ಡನ್ನು ಮಂಡಳಿ ಕಪ್ ಕೊಳ್ಳಲು ಬಳಸಿತ್ತು.

ಅದೂ ಸೇರಿ ಒಟ್ಟು 15 ಸಲ ಅವನೇ ಚಾಂಪಿಯನ್. ಜನ ಕಿಕ್ಕಿರಿದರು, ಮಂಡಳಿಯ ವರ್ಚಸ್ಸೂ ಏರಿತು. 1946ರಲ್ಲಿ ಜೋ ಆ ಸ್ಪರ್ಧೆಗೆ ಕೈ ಮುಗಿದ. 1952ರಲ್ಲಿ ದುಡ್ಡಿನ ಪಾಲಿನ ಮೇಲೆ ಜಗಳ ಹತ್ತಿತು. ಡೇವಿಸ್ ಮುಂದಾಳುವಾಗಿದ್ದ ವೃತ್ತಿ ಆಟಗಾರರ ಸಂಘ ಬೇರೆ ಸ್ಪರ್ಧೆ ಹೂಡಿತು. ಮಂಡಳಿಯ ವಿಶ್ವ ಸ್ಪರ್ಧೆಗೆ ಉಳಿದವರು ಎಷ್ಟು ಜನ ಗೊತ್ತೇ? ಇಬ್ಬರೇ! ಒಬ್ಬ ಆಸ್ಟ್ರೇಲಿಯಾದವ, ಇನ್ನೊಬ್ಬ ನ್ಯೂಜಿಲೆಂಡಿನವ.

ಸಿಟ್ಟು ಇಳಿಯಲಿಲ್ಲ. 1955ರಲ್ಲಿ ಜೋ ಒಂದೇ ಸರದಿಯಲ್ಲಿ ಪೂರ್ತಿ 147 ಅಂಕ ಹೊಡೆದರೆ, ಮಂಡಳಿ ನಿಯಮದ ತಕರಾರು ತೆಗೆದು 1957ರವರೆಗೆ ದಾಖಲೆಗೆ ಸೇರಿಸಲಿಲ್ಲ. ಆದರೆ ಗೆದ್ದವರು ಯಾರು? ಜೋ ಆಡದ ಕಣಕ್ಕೆ ಜನವೂ ಬರಲಿಲ್ಲ. ಆಟಗಾರರ ಸ್ಪರ್ಧೆಯೂ 1957ಕ್ಕೆ ನಿಂತಿತು. 1964ರವರೆಗೆ ವಿಶ್ವ ಕಿರೀಟದ ಆಟವೇ ಇಲ್ಲ. ಇಬ್ಬರ ಹಟಕ್ಕೆ ಹೊಟ್ಟೆ ಸುಟ್ಟುಕೊಂಡವರು ಸಣ್ಣ ಆಟಗಾರರು.

1970ರ ಹೊತ್ತಿಗೆ ವೃತ್ತಿ ಆಟಗಾರರು ಮಂಡಳಿಯ ಹಂಗು ಹರಿದುಕೊಂಡರು. 1971ರಲ್ಲಿ ಬೇರೆ ದೇಶಗಳ ಸಂಘಗಳೂ ಸಿಡಿದು ಪ್ರತ್ಯೇಕ ಕೂಟ ಕಟ್ಟಿದವು. ಬೆಂಗಳೂರಿನ ಪಂಕಜ್ ಆಡ್ವಾಣಿ 2003ರಲ್ಲಿ ವಿಶ್ವ ಸ್ನೂಕರ್ ಗೆದ್ದದ್ದು ಆ ಕೂಟದಿಂದ ಬೆಳೆದ ಒಕ್ಕೂಟದ ಸ್ಪರ್ಧೆಯಲ್ಲೇ.

1978ರಲ್ಲಿ ತಮ್ಮ ಫ್ರೆಡ್ ಆಡುವುದನ್ನು ನೋಡುತ್ತಿದ್ದಾಗಲೇ ಜೋ ಕುಸಿದ. ಆ ಜುಲೈನಲ್ಲಿ ತೀರಿಕೊಂಡ. ಆಟಗಾರರ ದುಡ್ಡಿನಲ್ಲಿ ಕೊಂಡ ಕಪ್ಪನ್ನು ವಿಶ್ವ ಚಾಂಪಿಯನ್ನರು ಈಗಲೂ ಎತ್ತಿ ಹಿಡಿಯುತ್ತಾರೆ. ಕೊಂಡ ಮಂಡಳಿಯ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.