ಮೇಡಂ ಕ್ಯೂರಿ ಮನೆ ಮಾಡಿದ ಊರು

ಮೇರಿ ಕ್ಯೂರಿ ಅಂದ್ರೆ ನಮಗೆಲ್ಲ ನೆನಪಾಗೋದು ರೇಡಿಯಂ, ಎರಡು ನೊಬೆಲ್, ಆಮೇಲೆ ಪರೀಕ್ಷೆಯ ಒಂದು ಮಾರ್ಕಿನ ಪ್ರಶ್ನೆ. ನನಗೂ ಗೊತ್ತಿದ್ದದ್ದು ಅಷ್ಟೇ. ಆದರೆ ಅವರ ಜೀವನದ ಬಗ್ಗೆ ಓದ್ತಾ ಹೋದಾಗ ನನಗೆ ಲ್ಯಾಬ್‌ಗಿಂತ ಜಾಸ್ತಿ ಇಷ್ಟ ಆಗಿದ್ದು ಅವರ ಮನೆಯ ಕತೆ. ಪರದೇಶದಲ್ಲಿ, ಗಂಡ ತೀರಿಕೊಂಡ ಮೇಲೆ, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವರು ಎಲ್ಲಿ ಮನೆ ಮಾಡಿದರು, ಮಕ್ಕಳನ್ನು ಹೇಗೆ ಓದಿಸಿದರು ಅನ್ನೋ ಕತೆ.

ಮೇರಿ ಹುಟ್ಟಿದ್ದು 1867ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಆಗ ಅಲ್ಲಿ ರಷ್ಯಾದ ಆಳ್ವಿಕೆ. ಸರ್ಕಾರಿ ಶಾಲೆಗಳಲ್ಲಿ ಪಾಠ ನಡೀತಿದ್ದದ್ದು ರಷ್ಯನ್ ಭಾಷೆಯಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಮೇಲಧಿಕಾರಿಗಳಿಗೆ ಇಷ್ಟವಾಗದೆ ಅವರ ಹುದ್ದೆ ಹೋಯಿತು, ಜೊತೆಗೆ ಕೊಟ್ಟಿದ್ದ ಮನೆಯೂ ಹೋಯಿತು. ಸಂಸಾರ ನಡೆಸೋಕೆ ಓದುವ ಹುಡುಗರನ್ನ ಮನೆಯಲ್ಲೇ ಊಟ-ವಸತಿ ಕೊಟ್ಟು ಇಟ್ಕೊಂಡರು. ಅಂದ್ರೆ ಮೇರಿ ಬೆಳೆದ ಮನೆಯೇ ಒಂಥರಾ ಪಿಜಿ! ಅವರಿಗೆ ಹತ್ತು ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು.

1883ರಲ್ಲಿ ಚಿನ್ನದ ಪದಕದ ಜೊತೆ ಶಾಲೆ ಮುಗಿಸಿದರು. ಆದರೆ ವಾರ್ಸಾ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸ್ತಾ ಇರಲಿಲ್ಲ. ಅಕ್ಕ ಬ್ರೋನ್ಯಾಗೂ ಅದೇ ಕಷ್ಟ. ಅಕ್ಕತಂಗಿ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್‌ಗೆ ಹೋಗಿ ಡಾಕ್ಟರ್ ಓದೋದು, ತಂಗಿ ದುಡಿದು ದುಡ್ಡು ಕಳಿಸೋದು, ಆಮೇಲೆ ಅಕ್ಕ ತಂಗಿಯನ್ನು ಕರೆಸಿಕೊಳ್ಳೋದು. ಮೇರಿ ಹಳ್ಳಿಯೊಂದರಲ್ಲಿ ಸಿರಿವಂತರ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಬಿಡುವಾದಾಗ ಅಲ್ಲಿನ ರೈತರ ಮಕ್ಕಳಿಗೆ ಪೋಲಿಷ್ ಓದಲು ಬರೆಯಲು ಕಲಿಸಿದರು. ಸಿಕ್ಕಿಬಿದ್ದಿದ್ದರೆ ಶಿಕ್ಷೆ ಗ್ಯಾರಂಟಿ.

1891ರಲ್ಲಿ ಪ್ಯಾರಿಸ್‌ಗೆ ಬಂದಾಗ ಮೇರಿಗೆ 24 ವರ್ಷ. ಮೊದಲು ಅಕ್ಕನ ಮನೆಯಲ್ಲಿದ್ದರು. ಅಲ್ಲಿಂದ ಸೋರ್ಬಾನ್‌ಗೆ ಕುದುರೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಟೈಮೂ ವೇಸ್ಟ್, ದುಡ್ಡೂ ವೇಸ್ಟ್. ಹಾಗಾಗಿ ಕಾಲೇಜಿಗೆ ನಡೆದೇ ಹೋಗುವಷ್ಟು ಹತ್ತಿರ, ಚಾವಣಿಯ ಕೆಳಗಿನ ಚಿಕ್ಕ ರೂಮೊಂದು ಹಿಡಿದರು. ಚಳಿಗಾಲದಲ್ಲಿ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದಿಕೆ ಮೇಲೆ ಹೇರಿಕೊಂಡು ಮಲಗ್ತಿದ್ದರು. ಆದರೂ 1893ರ ಭೌತಶಾಸ್ತ್ರ ಪದವಿಯಲ್ಲಿ ಮೊದಲ ಸ್ಥಾನ. ಮರುವರ್ಷ ಗಣಿತದಲ್ಲಿ ಎರಡನೇ ಸ್ಥಾನ.

1895ರಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆ. 1897ರಲ್ಲಿ ಐರೀನ್ ಹುಟ್ಟಿದಳು. ಮರುವರ್ಷವೇ ಪೊಲೋನಿಯಂ ಮತ್ತು ರೇಡಿಯಂ. 1903ರಲ್ಲಿ ನೊಬೆಲ್, 1904ರಲ್ಲಿ ಎರಡನೇ ಮಗಳು ಈವ್. ಈ ಭಾಗ ನಮಗೆಲ್ಲ ಗೊತ್ತು. 1906ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ರಸ್ತೆಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ತೀರಿಹೋದರು. ಆಗ ಮೇರಿಗೆ 38, ಚಿಕ್ಕ ಮಗಳಿಗೆ ಇನ್ನೂ ಒಂದೂವರೆ ವರ್ಷ. ಸರ್ಕಾರ ಪಿಂಚಣಿ ಕೊಡ್ತೀವಿ ಅಂದರೂ ಮೇರಿ ಬೇಡ ಅಂದು, ಗಂಡನ ಜಾಗದಲ್ಲಿ ತಾವೇ ಪಾಠ ಮಾಡಲು ನಿಂತರು.

ಹಳೇ ಮನೆಯಲ್ಲಿ ಇರೋಕೆ ಅವರಿಂದ ಆಗಲಿಲ್ಲ. ಆಗ ಹುಡುಕಿಕೊಂಡ ಊರು ಪ್ಯಾರಿಸ್ಸಿನ ದಕ್ಷಿಣಕ್ಕಿರುವ 'ಸೋ'. (ಫ್ರೆಂಚ್‌ನಲ್ಲಿ ಬರೆಯೋಕೆ ಆರು ಅಕ್ಷರ, ಕರೆಯೋದು ಮಾತ್ರ ಸೋ!) ಪಿಯರ್ ಮದುವೆಗೆ ಮುಂಚೆ ಇದ್ದ ಊರು ಅದು, ಅವರನ್ನು ಮಣ್ಣು ಮಾಡಿದ್ದೂ ಅಲ್ಲೇ. ಮನೆ ನೋಡೋಕೆ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಮಕ್ಕಳಿಗೆ ತೋಟ ಇತ್ತು. ಮೇರಿಗೆ ಲ್ಯಾಬ್‌ಗೆ ಹೋಗೋಕೆ ರೈಲಿನಲ್ಲಿ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ. ಓದುವಾಗ ಟೈಮ್ ಉಳಿಸಲು ಚಳಿಯ ರೂಮಿಗೆ ಹೋದವರು, ಈಗ ಮಕ್ಕಳಿಗಾಗಿ ದಿನಕ್ಕೊಂದು ಗಂಟೆ ಬಿಟ್ಟುಕೊಟ್ಟರು. ಅದೂ ಕೆಲಸ ಅಂದ್ರೆ ಪ್ರಾಣ ಬಿಡುವವರು!

ಆ ಮನೆಯಲ್ಲಿ ಮಾವ ಡಾ. ಯೂಜೀನ್ ಕ್ಯೂರಿ ಕೂಡ ಇದ್ದರು. ಮಗ ಹೋದ ಮೇಲೂ ಅವರು ಸೊಸೆಯ ಜೊತೆಗೇ ಉಳಿದರು. ಐರೀನ್‌ಗೆ ಗಿಡಮರಗಳ ಪರಿಚಯ, ಕವಿತೆಯ ರುಚಿ ಸಿಕ್ಕಿದ್ದು ಈ ತಾತನಿಂದ. ಪೋಲಿಷ್ ಕಲಿಯಲಿ ಅಂತ ಮೇರಿ ಮಕ್ಕಳನ್ನು ನೋಡಿಕೊಳ್ಳಲು ಪೋಲೆಂಡಿನವರನ್ನೇ ಇಟ್ಟುಕೊಂಡರು. ತಮ್ಮ ಶಾಲೆಯಲ್ಲಿ ಜಾಗ ಸಿಗದ ಭಾಷೆ, ಮಕ್ಕಳಿಗೆ ಮನೆಯಲ್ಲೇ ಸಿಗಲಿ ಅಂತ.

ಶಾಲೆಯ ವಿಷಯ ಇನ್ನೂ ಸ್ವಾರಸ್ಯ. ಮಕ್ಕಳನ್ನು ಇಡೀ ದಿನ ಗಾಳಿಬೆಳಕಿಲ್ಲದ ಕೋಣೆಯಲ್ಲಿ ಕೂರಿಸೋದು ಮೇರಿಗೆ ಸುತರಾಂ ಇಷ್ಟವಿರಲಿಲ್ಲ. ಪಿಯರ್ ಕೂಡ ಶಾಲೆಗೇ ಹೋಗದೆ ಮನೆಯಲ್ಲಿ ಕಲಿತವರು. ಹಾಗಾಗಿ ಮೇರಿ ಮತ್ತು ಸ್ನೇಹಿತರು ಸೇರಿ ತಾವೇ ಪಾಠ ಶುರು ಮಾಡಿದರು. ಸುಮಾರು ಹತ್ತು ಮಕ್ಕಳು, ದಿನಕ್ಕೆ ಒಂದೇ ಪಾಠ, ಉಳಿದ ಹೊತ್ತು ಆಟ. ಮೇಷ್ಟ್ರುಗಳ ಲಿಸ್ಟ್ ನೋಡಿ: ಕೆಮಿಸ್ಟ್ರಿಗೆ ಜೀನ್ ಪೆರಿನ್, ಗಣಿತಕ್ಕೆ ಪಾಲ್ ಲ್ಯಾಂಜೆವಿನ್, ಫಿಸಿಕ್ಸ್‌ಗೆ ಮೇರಿ ಕ್ಯೂರಿ! ನಮ್ಮ ಟೈಮ್‌ಟೇಬಲ್ ನೆನೆಸಿಕೊಂಡ್ರೆ ಹೊಟ್ಟೆಕಿಚ್ಚಾಗುತ್ತೆ.

ಪಾಠ ಮಾತ್ರ ಸರಳ. ಸೈಕಲ್ ಬೇರಿಂಗಿನ ಗುಂಡುಗಳನ್ನು ಇಂಕಿನಲ್ಲಿ ಅದ್ದಿ ಇಳಿಜಾರು ಹಲಗೆ ಮೇಲೆ ಬಿಟ್ಟರೆ ಪ್ಯಾರಾಬೋಲಾ ತಾನಾಗೇ ಮೂಡುತ್ತಿತ್ತು. ಒಂದ್ಸಲ ಪಾತ್ರೆಯ ಬಿಸಿ ಆರದ ಹಾಗೆ ಮಾಡೋದು ಹೇಗೆ ಅಂತ ಮೇರಿ ಕೇಳಿದರು. ಮಕ್ಕಳು ಉಣ್ಣೆ ಸುತ್ತಬೇಕು, ಹಾಗೆ ಮಾಡಬೇಕು, ಹೀಗೆ ಮಾಡಬೇಕು ಅಂತ ದೊಡ್ಡ ದೊಡ್ಡ ಐಡಿಯಾ ಕೊಟ್ಟರು. ಮೊದಲು ಮುಚ್ಚಳ ಮುಚ್ಚಬೇಕು ಅನ್ನೋದು ಮೇರಿಯ ಉತ್ತರ.

ಇದು ನಡೆದದ್ದು ಸುಮಾರು ಎರಡು ವರ್ಷ. ದೊಡ್ಡವರಿಗೆ ಬಿಡುವಿಲ್ಲ, ಮಕ್ಕಳು ಸರ್ಕಾರದ ಪರೀಕ್ಷೆ ಬರೆಯಲೇಬೇಕು. ಪಾಠದ ಹೊತ್ತು ಕಡಿಮೆ ಇದ್ದ ಖಾಸಗಿ ಶಾಲೆಯೊಂದಕ್ಕೆ ಐರೀನ್ ಸೇರಿದಳು. 1910ರಲ್ಲಿ ತಾತ ತೀರಿಕೊಂಡರು. 1911ರಲ್ಲಿ ಮೇರಿ ಮತ್ತು ಲ್ಯಾಂಜೆವಿನ್ ಅವರ ಸಂಬಂಧ ಪತ್ರಿಕೆಗಳ ಬಾಯಿಗೆ ಬಿತ್ತು. ಲ್ಯಾಂಜೆವಿನ್‌ಗೆ ಮದುವೆಯಾಗಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರನ್ನು ಹೊರದೇಶದವಳು ಅಂತ ಹೀಯಾಳಿಸಿದರು. ಮಕ್ಕಳಿಗಾಗಿ ಹುಡುಕಿದ ಆ ಮನೆಯ ಮುಂದೆಯೇ ಜನ ಗುಂಪು ಸೇರಿದರು. ಮೇರಿ ಮಕ್ಕಳನ್ನು ಕರೆದುಕೊಂಡು ಸ್ನೇಹಿತರ ಮನೆಗೆ ಹೋಗಬೇಕಾಯಿತು. ಅದೇ ವರ್ಷ ಎರಡನೇ ನೊಬೆಲ್ ಬಂತು. ಅದನ್ನು ತರಲು ಐರೀನ್ ಮತ್ತು ಬ್ರೋನ್ಯಾ ಜೊತೆ ಸ್ಟಾಕ್‌ಹೋಮ್‌ಗೆ ಹೋದರು.

1912ರಲ್ಲಿ ಸೋ ಬಿಟ್ಟು ಪ್ಯಾರಿಸ್ಸಿನ ಸೀನ್ ನದಿ ದಡದ ಫ್ಲ್ಯಾಟಿಗೆ ಬಂದರು. ಅದೇ ವರ್ಷ ಪೋಲೆಂಡಿನವರು ವಾಪಸ್ ಬನ್ನಿ ಅಂತ ಕರೆಯಲು ಬಂದಿದ್ದರು. ಅಷ್ಟೆಲ್ಲ ಅವಮಾನ ಆದರೂ ಮೇರಿ ಫ್ರಾನ್ಸ್ ಬಿಡಲಿಲ್ಲ. ವಾರ್ಸಾದ ಹೊಸ ಲ್ಯಾಬನ್ನು ದೂರದಿಂದಲೇ ನೋಡಿಕೊಳ್ಳಲು ಒಪ್ಪಿದರು.

ಮೇರಿ 1934ರ ಜುಲೈ 4ರಂದು ತೀರಿಕೊಂಡರು. ಮರುವರ್ಷ ಐರೀನ್‌ಗೆ, ಗಂಡ ಫ್ರೆಡರಿಕ್ ಜೋಲಿಯೋ ಜೊತೆ, ಕೆಮಿಸ್ಟ್ರಿ ನೊಬೆಲ್ ಬಂತು. ಅಮ್ಮ ನೋಡೋಕೆ ಇರಲಿಲ್ಲ. ಈವ್ ವಿಜ್ಞಾನದ ಕಡೆ ಹೋಗದೆ ಬರಹಗಾರ್ತಿ ಆದರು, ಅಮ್ಮನ ಜೀವನಚರಿತ್ರೆ ಬರೆದರು.

ಇದನ್ನು ಓದಿದಾಗ ನನಗೆ ನಮ್ಮ ಬಾಡಿಗೆ ಮನೆಗಳು ನೆನಪಾದವು. ಮನೆ ನೋಡೋಕೆ ಹೋದಾಗೆಲ್ಲ ಅಪ್ಪ ಮೊದಲು ಕೇಳ್ತಿದ್ದದ್ದು ಸ್ಕೂಲ್ ವ್ಯಾನ್ ಇಲ್ಲಿಗೆ ಬರುತ್ತಾ ಅಂತ. ಅವರು ಮಾತ್ರ ಆಫೀಸಿಗೆ ಎರಡು ಬಸ್ ಬದಲಾಯಿಸಬೇಕಿತ್ತು. ನನ್ನ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್ ಇತ್ತು. ಅಮ್ಮ ದಿನಾ ಸಂಜೆ ಪೇಪರ್ ಜೋರಾಗಿ ಓದಿಸದೇ ಇದ್ದಿದ್ದರೆ ಈ ಲೇಖನ ಬರೆಯೋಕೆ ನನ್ನಿಂದ ಆಗ್ತಿರಲಿಲ್ಲ.

ಈ ಸಲ ಊರಿಗೆ ಹೋದಾಗ ನೀವೂ ಕೇಳಿ ನೋಡಿ, ನಿಮ್ಮಪ್ಪ ಅಮ್ಮ ಆ ಏರಿಯಾದಲ್ಲೇ ಯಾಕೆ ಮನೆ ಮಾಡಿದರು ಅಂತ.