ಗಾಮಾ ಪೈಲ್ವಾನರು ಮತ್ತು 1910ರ ರಮಝಾನ್

ಗಾಮಾ ಪೈಲ್ವಾನರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಗರಡಿಮನೆಗಳ ಹಳಬರು ಇಂದಿಗೂ ಆ ಹೆಸರನ್ನು ಗೌರವದಿಂದ ಹೇಳುತ್ತಾರೆ. ಲಂಡನ್ನಿನಲ್ಲಿ ಪಾಶ್ಚಾತ್ಯ ಕುಸ್ತಿಪಟುಗಳನ್ನು ಮಣಿಸಿ ಬಂದ ಭಾರತೀಯ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರ ಬದುಕಿನ ಅತಿ ದೊಡ್ಡ ಪಂದ್ಯ ನಡೆದ ದಿನಾಂಕವನ್ನು ಹಿಜರಿ ಪಂಚಾಂಗದೊಂದಿಗೆ ಹೋಲಿಸಿ ನೋಡಿದವರು ಕಡಿಮೆ. ಅಂದು 1910ರ ಸೆಪ್ಟೆಂಬರ್ 10. ಹಿಜರಿ 1328ರ ರಮಝಾನ್ ತಿಂಗಳ ಮೊದಲ ವಾರ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮಹಾನ್ ಮಲ್ಲನ ಜೀವನವನ್ನು ಓದಬೇಕೆಂದು, ಅದರಲ್ಲೂ ಆಟೋಟಗಳಲ್ಲಿ ಆಸಕ್ತಿಯಿರುವ ನಮ್ಮ ವಿದ್ಯಾರ್ಥಿಗಳು ಓದಬೇಕೆಂದು ನನ್ನ ಕೋರಿಕೆ.

ಅವರ ಪೂರ್ಣ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. ಗಾಮಾ ಎಂಬುದು ಮನೆಯವರು ಕರೆಯುತ್ತಿದ್ದ ಹೆಸರು. 1878ರಲ್ಲಿ ಪಂಜಾಬಿನ ಅಮೃತಸರ ಪ್ರದೇಶದ ಒಂದು ಕಾಶ್ಮೀರಿ ಮೂಲದ ಕುಸ್ತಿ ಮನೆತನದಲ್ಲಿ ಜನಿಸಿದರು. ತಂದೆ ಅಝೀಝ್ ಬಕ್ಷ್ ಅವರು ಈಗಿನ ಮಧ್ಯಪ್ರದೇಶದಲ್ಲಿರುವ ದತಿಯಾ ಸಂಸ್ಥಾನದ ಆಸ್ಥಾನ ಪೈಲ್ವಾನರಾಗಿದ್ದರು. ಮಗನಿಗೆ ಸುಮಾರು ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಯತೀಮನಾದ ಮಗುವನ್ನು ಅಜ್ಜ ನೂನ್ ಪೈಲ್ವಾನರು ಸಾಕಿದರು. ಅವರೂ ತೀರಿಕೊಂಡ ಮೇಲೆ ಮಾವ ಈದಾ ಪೈಲ್ವಾನರು ಕೈಹಿಡಿದು ಗರಡಿಗೆ ಇಳಿಸಿದರು. ತಂದೆಯ ಆಸೆಯಂತೆ ಈ ಹುಡುಗನನ್ನು ದೊಡ್ಡ ಪೈಲ್ವಾನನನ್ನಾಗಿ ಮಾಡಬೇಕೆಂಬುದು ಆ ಮನೆಯವರ ಹಟವಾಗಿತ್ತು.

1888ರಲ್ಲಿ ಜೋಧಪುರದ ಮಹಾರಾಜ ಜಸ್ವಂತ್ ಸಿಂಗ್ ಅವರು ಒಂದು ವಿಚಿತ್ರ ಸ್ಪರ್ಧೆ ಏರ್ಪಡಿಸಿದರು. ಅದು ಕುಸ್ತಿಯಲ್ಲ, ಬಸ್ಕಿ ಹೊಡೆಯುವ ಪಂದ್ಯ. ದೇಶದ ಮೂಲೆಮೂಲೆಗಳಿಂದ 400ಕ್ಕೂ ಹೆಚ್ಚು ಪೈಲ್ವಾನರು ಸೇರಿದ್ದರು. ಒಬ್ಬೊಬ್ಬರಾಗಿ ಸುಸ್ತಾಗಿ ಹಿಂದೆ ಸರಿದು, ಕೊನೆಗೆ ಉಳಿದ ಸುಮಾರು ಹದಿನೈದು ಜನರ ನಡುವೆ ಹತ್ತು ವರ್ಷದ ಗಾಮಾ ಇನ್ನೂ ಬಸ್ಕಿ ಹೊಡೆಯುತ್ತಲೇ ಇದ್ದ. ಮಹಾರಾಜರು ಬೆರಗಾಗಿ ವಯಸ್ಸನ್ನು ಪರಿಗಣಿಸಿ ಅವನನ್ನೇ ವಿಜೇತನೆಂದು ಸಾರಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆ ಸ್ಪರ್ಧೆಯ ನಂತರ ಹುಡುಗ ಒಂದು ವಾರ ಹಾಸಿಗೆ ಹಿಡಿದನೆಂಬುದನ್ನು ಮಾತ್ರ ಅನೇಕರು ಬಿಟ್ಟುಬಿಡುತ್ತಾರೆ. ನನಗೆ ಆ ಭಾಗವೂ ಮುಖ್ಯವೆನಿಸುತ್ತದೆ. ದೇಹ ತನ್ನ ಲೆಕ್ಕವನ್ನು ಚುಕ್ತಾ ಮಾಡಿಸಿಕೊಳ್ಳದೆ ಬಿಡುವುದಿಲ್ಲ, ಆ ದೇಹ ಗಾಮಾ ಪೈಲ್ವಾನನದೇ ಆಗಿದ್ದರೂ ಸರಿ.

ಇದಾದ ಮೇಲೆ ದತಿಯಾದ ಮಹಾರಾಜ ಭವಾನಿ ಸಿಂಗ್ ಅವರು ಹುಡುಗನ ಪೋಷಣೆ ಮತ್ತು ತಾಲೀಮಿನ ಹೊಣೆ ಹೊತ್ತರು. ಬಾಲ್ಯದಲ್ಲಿ ಅವನ ಆಹಾರ ಮುಖ್ಯವಾಗಿ ಹಾಲು, ಅರೆದ ಬಾದಾಮಿ ಮತ್ತು ಹಣ್ಣಿನ ರಸ. ಮಾಂಸದ ಸಾರು, ಬೆಣ್ಣೆ, ತುಪ್ಪಗಳು ಸೇರಿದ್ದು ಹದಿಹರೆಯ ಬಂದ ಮೇಲೆಯೇ. ದೊಡ್ಡವರಾದ ಮೇಲೆ ದಿನಕ್ಕೆ ಎಷ್ಟು ಲೀಟರ್ ಹಾಲು, ಎಷ್ಟು ಕೋಳಿ ಎಂಬ ಬಗ್ಗೆ ಬಗೆಬಗೆಯ ಅಂಕಿಗಳು ಪ್ರಚಾರದಲ್ಲಿವೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಎರಡು ಕೋಳಿ ಸೇರಿಸಿ ಹೇಳಿದ್ದಾರೆ! ತಾಲೀಮಿನ ವಿಷಯದಲ್ಲಿ ದಿನಕ್ಕೆ 5000 ಬಸ್ಕಿ, 3000 ದಂಡ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನೀವೇ ಗುಣಿಸಿ ನೋಡಿ. ಒಂದು ಬಸ್ಕಿಗೆ ಎರಡು ಸೆಕೆಂಡ್ ಹಿಡಿದರೂ 5000ಕ್ಕೆ ಎರಡು ಮುಕ್ಕಾಲು ಗಂಟೆ ಬೇಕು. ಇಡೀ ದಿನವನ್ನೇ ಅದಕ್ಕೆ ಮೀಸಲಿಟ್ಟ, ರಾಜಾಶ್ರಯವಿದ್ದ, ಬಾಲ್ಯದಿಂದಲೇ ಮೈ ಪಳಗಿದ ಒಬ್ಬನಿಗೆ ಅದು ಅಸಾಧ್ಯವೇನಲ್ಲ. ಆದರೆ ಕಾಲೇಜು ಹುಡುಗರು ಇದನ್ನೋದಿ ನಾಳೆಯಿಂದಲೇ ಶುರುಮಾಡಿದರೆ ಮೊಣಕಾಲು ಹಾಳಾಗುವುದು ಖಂಡಿತ.

ಇಪ್ಪತ್ತರ ಆಸುಪಾಸಿಗೆ ಬರುವಾಗ ಗಾಮಾ ಅವರ ಎತ್ತರ ಸುಮಾರು ಐದು ಅಡಿ ಏಳು ಅಂಗುಲ. ಆಗಿನ ಹೆಸರಾಂತ ಮಲ್ಲ ರಹೀಮ್ ಬಕ್ಷ್ ಸುಲ್ತಾನಿವಾಲಾ ಅವರ ಎತ್ತರ ಏಳು ಅಡಿಗೆ ಹತ್ತಿರ. ಇವರಿಬ್ಬರ ನಡುವೆ ಪಂದ್ಯಗಳು ನಡೆದು ಸಮಸಮವಾಗಿ ಮುಗಿದವು. ಉಳಿದ ಸಂಸ್ಥಾನಗಳ ಪೈಲ್ವಾನರೆಲ್ಲ ಒಬ್ಬರ ಹಿಂದೊಬ್ಬರಂತೆ ಸೋತರು. 1902ರಲ್ಲಿ ಬರೋಡಾದಲ್ಲಿ ಅವರು ಎತ್ತಿದರೆನ್ನಲಾದ ಭಾರೀ ಬಂಡೆಯೊಂದನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.

1910ರಲ್ಲಿ ಬಂಗಾಳದ ಶ್ರೀಮಂತ ಶರತ್ ಕುಮಾರ್ ಮಿತ್ರ ಅವರ ನೆರವಿನಿಂದ ಗಾಮಾ ಮತ್ತು ಅವರ ತಮ್ಮ ಇಮಾಮ್ ಬಕ್ಷ್ ಮೊದಲಾದವರು ಇಂಗ್ಲೆಂಡಿಗೆ ಹಡಗು ಹತ್ತಿದರು. ಒಬ್ಬ ಮುಸ್ಲಿಮ್ ಪೈಲ್ವಾನನನ್ನು ಲಂಡನ್ನಿಗೆ ಕಳುಹಿಸಲು ಒಬ್ಬ ಹಿಂದೂ ಧನಿಕ ಹಣ ಹಾಕಿದ್ದು ಆ ಕಾಲದಲ್ಲಿ ಯಾರಿಗೂ ವಿಶೇಷವೆನಿಸಲಿಲ್ಲ. ಅಲ್ಲಿ ಇವರ ಕುಳ್ಳು ಮೈಕಟ್ಟನ್ನು ನೋಡಿ ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಆಗ ಗಾಮಾ ಒಂದು ನಾಟಕ ಶಾಲೆಯಿಂದ ಬಹಿರಂಗ ಸವಾಲು ಹಾಕಿದರು. ಯಾವುದೇ ತೂಕದ ಯಾವುದೇ ಮೂವರನ್ನು ಅರ್ಧ ಗಂಟೆಯೊಳಗೆ ಕೆಡವುತ್ತೇನೆ ಎಂಬುದು ಅದರ ಸಾರಾಂಶ. ಇದು ಬರೀ ಬಡಾಯಿ ಎಂದುಕೊಂಡು ಬಹಳ ದಿನ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಆಗಸ್ಟ್‌ನಲ್ಲಿ ಅಮೆರಿಕದ ಬೆಂಜಮಿನ್ ರೋಲರ್, ವೃತ್ತಿಯಿಂದ ವೈದ್ಯ, ಎದುರಿಗೆ ನಿಂತರು. ಗಾಮಾ ಅವರನ್ನು ಎರಡು ಸಲ ಚಿತ್ ಮಾಡಿದರು. ಪಂದ್ಯಾವಳಿಯ ಬಾಗಿಲು ತೆರೆಯಿತು.

ಅಂತಿಮ ಪಂದ್ಯ ಪೋಲೆಂಡಿನ ಸ್ಟಾನಿಸ್ಲಾಸ್ ಝಬಿಸ್ಕೊ ಅವರೊಂದಿಗೆ. ಸ್ಥಳ 1908ರ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದ ವೈಟ್ ಸಿಟಿ ಕ್ರೀಡಾಂಗಣ. ಬಹುಮಾನ 250 ಪೌಂಡ್ ಮತ್ತು ಜಾನ್ ಬುಲ್ ಪಟ್ಟಿ. ಪಂದ್ಯ ಆರಂಭವಾದ ಸ್ವಲ್ಪ ಹೊತ್ತಿಗೇ ತನಗಿಂತ ಹೆಚ್ಚು ತೂಕದ ಝಬಿಸ್ಕೊ ಅವರನ್ನು ಗಾಮಾ ಕೆಳಕ್ಕೆ ತಂದರು. ಆದರೆ ಝಬಿಸ್ಕೊ ಚಾಪೆಗೆ ಅಂಟಿಕೊಂಡು ಬಿದ್ದವರು ಮೇಲೇಳಲೇ ಇಲ್ಲ. ಬೆನ್ನು ತಿರುಗಿಸಲೂ ಬಿಡಲಿಲ್ಲ. ಎರಡೂವರೆ ಗಂಟೆಗೂ ಹೆಚ್ಚು ಕಾಲ ಗಾಮಾ ಅವರ ಮೇಲೆ ಪಟ್ಟುಗಳನ್ನು ಹಾಕುತ್ತಲೇ ಇದ್ದರು. ಕೊನೆಗೆ ಪಂದ್ಯವನ್ನು ಸಮವೆಂದು ಸಾರಿ ಒಂದು ವಾರ ಮುಂದೂಡಿದರು. ಅದೂ ರಮಝಾನಿನೊಳಗೇ. ಮುಂದಿನ ವಾರ ಗಾಮಾ ಬಂದರು, ಝಬಿಸ್ಕೊ ಬರಲಿಲ್ಲ. ಪಟ್ಟಿ ಗಾಮಾ ಅವರದಾಯಿತು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಅಂದು ಅವರು ರೋಝಾ ಇದ್ದರೇ? ಅದು ಅವರ ಮತ್ತು ಅಲ್ಲಾಹನ ನಡುವಿನ ವಿಷಯ. ಅಭಿಮಾನದಿಂದ ನಾವು ಕಥೆ ಕಟ್ಟುವುದು ಬೇಡ. ಅವರ ಮುಂದಿದ್ದ ಪರಿಸ್ಥಿತಿ ಏನೆಂಬುದನ್ನಷ್ಟೇ ನೋಡೋಣ. ಸೆಪ್ಟೆಂಬರ್ ಎರಡನೇ ವಾರದ ಲಂಡನ್ನಿನಲ್ಲಿ ಸುಬ್‌ಹ್‌ನಿಂದ ಮಗ್ರಿಬ್‌ವರೆಗೆ ಸುಮಾರು 15 ಗಂಟೆ. ಊರು ಬಿಟ್ಟು ಸಾವಿರಾರು ಮೈಲಿ ದೂರ ಬಂದವರು. ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದಲ್ಲಿ ರೋಗಿಗೂ ಪ್ರಯಾಣಿಕನಿಗೂ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸಿಕೊಳ್ಳುವ ಅನುಮತಿಯನ್ನು ಸ್ಪಷ್ಟವಾಗಿ ನೀಡಲಾಗಿದೆ. ಪ್ರಯಾಣದಲ್ಲಿರುವಾತ ಇದ್ದರೂ ಸರಿ, ಬಿಟ್ಟು ನಂತರ ಹಿಡಿದರೂ ಸರಿ. ಮನೆಯಲ್ಲೇ ಇರುವವನ ಮಾತು ಬೇರೆ. ಆಟವೊಂದೇ ಕಾರಣವಾಗಿ ಉಪವಾಸ ಬಿಡಲು ಸಾಮಾನ್ಯವಾಗಿ ಉಲೇಮಾಗಳು ಅನುಮತಿಸುವುದಿಲ್ಲ. ಸಂಶಯವಿದ್ದರೆ ನಿಮ್ಮ ಊರಿನ ವಿದ್ವಾಂಸರನ್ನು ಕೇಳಿ, ಕ್ರೀಡಾ ಮಾಸ್ತರರನ್ನಲ್ಲ.

ನಮ್ಮ ಕಾಲದ ಇಬ್ಬರು ಈ ಎರಡೂ ದಾರಿಗಳನ್ನು ತೋರಿಸಿಕೊಟ್ಟಿದ್ದಾರೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಹಕೀಮ್ ಒಲಾಜುವಾನ್ ಉಪವಾಸವಿದ್ದೇ ಆಡುತ್ತಿದ್ದರು. 1995ರ ಫೆಬ್ರವರಿ ಬಹುತೇಕ ಪೂರ್ತಿ ರಮಝಾನ್ ಆಗಿತ್ತು, ಆ ತಿಂಗಳ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು. ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ 2012ರ ರಮಝಾನಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅಜೇಯ 311 ರನ್ ಗಳಿಸಿದರು. ತಾನು ಪ್ರಯಾಣದಲ್ಲಿದ್ದುದರಿಂದ ಉಪವಾಸವಿರಲಿಲ್ಲ, ಊರಿಗೆ ಮರಳಿ ಪೂರೈಸುತ್ತೇನೆ ಎಂದು ಯಾವ ಸಂಕೋಚವೂ ಇಲ್ಲದೆ ತಿಳಿಸಿದರು. ಇಬ್ಬರ ದೀನ್‌ದಾರಿಕೆಯನ್ನೂ ಯಾರೂ ಪ್ರಶ್ನಿಸುವಂತಿಲ್ಲ.

ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಮಝಾನ್ ಎಲ್ಲ ಋತುಗಳಲ್ಲೂ ಸುತ್ತಿ ಬರುತ್ತದೆ. ಒಂದಲ್ಲ ಒಂದು ವರ್ಷ ನಿಮ್ಮ ಕ್ರೀಡಾಕೂಟವೂ ಅದರೊಳಗೆ ಬೀಳುತ್ತದೆ. ಆಗ ಮೊದಲು ತಾಲೀಮಿನ ಹೊತ್ತನ್ನು ಬದಲಿಸಿಕೊಳ್ಳಿ. ಬೆಳಿಗ್ಗೆ ಬಿಸಿಲಿನಲ್ಲಿ ಬೆವರು ಸುರಿಸಿದರೆ ಕಳೆದುಕೊಂಡ ನೀರನ್ನು ಸಂಜೆಯವರೆಗೆ ತುಂಬಿಸಲಾಗದು. ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು, ಅಂದರೆ 60 ಕಿಲೋ ತೂಕದವನಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು, ಬೆವರಿನಲ್ಲಿ ಹೋದರೂ ಆಟದ ಚುರುಕು ಕುಗ್ಗುತ್ತದೆ. ಆದ್ದರಿಂದ ಇಫ್ತಾರಿಗೆ ಮುಂಚಿನ ಮುಕ್ಕಾಲು ಗಂಟೆಯಲ್ಲಿ ಹಗುರವಾದ ಅಭ್ಯಾಸ, ಭಾರದ ಅಭ್ಯಾಸವೇನಿದ್ದರೂ ಇಫ್ತಾರ್ ಆಗಿ ಎರಡು ಗಂಟೆಯ ನಂತರ. ತಿಂಗಳಿಡೀ ತಾಲೀಮು ನಿಲ್ಲಿಸಬೇಕಾಗಿಲ್ಲ, ಪ್ರಮಾಣ ತಗ್ಗಿಸಿ ಪಟ್ಟು ಬಿಡದಿದ್ದರೆ ಸಾಕು.

ಊಟದ ವಿಷಯದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಸುನ್ನತ್ತೇ ಉತ್ತಮ ಮಾರ್ಗದರ್ಶಿ. ಸಹ್ರಿಯನ್ನು ಬಿಡಬಾರದು, ಅದನ್ನು ತಡಮಾಡಿ ಉಣ್ಣಬೇಕು, ಇಫ್ತಾರನ್ನು ಬೇಗ ಮಾಡಬೇಕು, ಖರ್ಜೂರದಿಂದ, ಇಲ್ಲದಿದ್ದರೆ ನೀರಿನಿಂದ. ಇಂದಿನ ಕ್ರೀಡಾ ವೈದ್ಯರು ಇದಕ್ಕಿಂತ ಬೇರೆಯೇನೂ ಹೇಳುತ್ತಿಲ್ಲ. ಖರ್ಜೂರದ ಸಕ್ಕರೆ ಬೇಗನೆ ರಕ್ತಕ್ಕೆ ಸೇರುತ್ತದೆ. ಸಹ್ರಿಗೆ ನಿಧಾನವಾಗಿ ಕರಗುವ ರಾಗಿ, ಗೋಧಿ, ಜೊತೆಗೆ ಮೊಟ್ಟೆ, ಮೊಸರು, ಬೇಳೆ. ನೀರನ್ನು ಸಹ್ರಿಯ ಕೊನೆಯ ಐದು ನಿಮಿಷದಲ್ಲಿ ಗಟಗಟನೆ ಕುಡಿದರೆ ಪ್ರಯೋಜನವಿಲ್ಲ, ರಾತ್ರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ನಮ್ಮ ಇಫ್ತಾರ್ ತಟ್ಟೆಯಲ್ಲಿ ಸಮೋಸ, ಬಜ್ಜಿಗಳದೇ ದರ್ಬಾರು. ಅದನ್ನು ತಿಂದು ತರಾವೀಹ್‌ಗೆ ನಿಲ್ಲುವುದೇ ಕಷ್ಟ, ಓಡುವುದಂತೂ ದೂರ. ಗಾಮಾ ಅವರ ಬಾಲ್ಯದ ಹಾಲು, ಬಾದಾಮಿ, ಹಣ್ಣಿನ ರಸ ಇಫ್ತಾರಿಗೂ ಎಷ್ಟೋ ವಾಸಿ. ನಿದ್ರೆ ಕಡಿಮೆಯಾಗುವುದರಿಂದ ಝುಹ್ರ್ ನಂತರ ಅರ್ಧ ಗಂಟೆ ಮಲಗಿ. ತಲೆ ಸುತ್ತಿದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ. ಮಧುಮೇಹದಂತಹ ಕಾಯಿಲೆಯಿರುವವರು ವೈದ್ಯರನ್ನು ಮೊದಲೇ ಕಾಣಬೇಕು.

ಮತ್ತೆ ಗಾಮಾ ಅವರ ಬಳಿಗೆ ಹೋಗೋಣ. ಇಂಗ್ಲೆಂಡಿನಿಂದ ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಮ್ ಬಕ್ಷ್ ಅವರನ್ನು ಸೋಲಿಸಿ ರುಸ್ತುಮೆ ಹಿಂದ್ ಎನಿಸಿಕೊಂಡರು. ಆನಂತರ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ಆಶ್ರಯ ದೊರೆಯಿತು. 1928ರ ಜನವರಿಯಲ್ಲಿ ಅದೇ ಝಬಿಸ್ಕೊ ಪಟಿಯಾಲಕ್ಕೆ ಬಂದರು. ಹದಿನೇಳು ವರ್ಷಗಳ ಹಿಂದಿನ ಬಾಕಿ ತೀರಿಸಬೇಕಿತ್ತು. ಇಬ್ಬರಿಗೂ ವಯಸ್ಸು ಐವತ್ತರ ಹತ್ತಿರ. ಸಾವಿರಾರು ಜನ ನೋಡುತ್ತಿದ್ದಂತೆ ಒಂದು ನಿಮಿಷದೊಳಗೆ ಪಂದ್ಯ ಮುಗಿಯಿತು. ಝಬಿಸ್ಕೊ ಅವರ ಬೆನ್ನು ಮಣ್ಣಿಗೆ ತಾಗಿತ್ತು. ಚಾಪೆಯ ಮೇಲೆ ಎರಡೂವರೆ ಗಂಟೆ ತಪ್ಪಿಸಿಕೊಂಡವರು ಅಖಾಡದ ಮಣ್ಣಿನಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ. ಅರ್ಧ ಶತಮಾನದ ಕುಸ್ತಿ ಜೀವನದಲ್ಲಿ ಗಾಮಾ ಯಾರಿಗೂ ಸೋಲಲಿಲ್ಲವೆಂದೇ ಪ್ರಸಿದ್ಧಿ.

1947ರಲ್ಲಿ ದೇಶ ವಿಭಜನೆಯಾದಾಗ ಅವರು ಲಾಹೋರಿನ ಮೋಹ್ನಿ ರಸ್ತೆಯಲ್ಲಿ ವಾಸವಾಗಿದ್ದರು. ಆ ಬೀದಿಯಲ್ಲಿ ಹಿಂದೂ ಕುಟುಂಬಗಳಿದ್ದವು. ಗಲಭೆಯ ಗುಂಪು ಬಂದಾಗ ಎಪ್ಪತ್ತರ ಹತ್ತಿರದ ಪೈಲ್ವಾನರು ತಮ್ಮ ಶಿಷ್ಯರೊಂದಿಗೆ ಬೀದಿಗೆ ಅಡ್ಡನಿಂತು ಆ ಕುಟುಂಬಗಳನ್ನು ರಕ್ಷಿಸಿದರೆಂದೂ, ನಂತರ ಆಹಾರ ಸಾಮಗ್ರಿ ಕೊಟ್ಟು ಗಡಿಯವರೆಗೆ ತಲುಪಿಸಿದರೆಂದೂ ಹೇಳಲಾಗುತ್ತದೆ. ಬಹುಮಾನದ ಪಟ್ಟಿ, ಬೆಳ್ಳಿಯ ಗದೆಗಳಿಗಿಂತ ಈ ಪಂದ್ಯವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕೊನೆಯ ದಿನಗಳು ಸುಖವಾಗಿರಲಿಲ್ಲ. ರಾಜರು ಹೋದರು, ಅವರೊಂದಿಗೆ ಆಶ್ರಯವೂ ಹೋಯಿತು. ಉಬ್ಬಸ ಮತ್ತು ಹೃದ್ರೋಗ ಕಾಡಿದವು. ಔಷಧಿಗೂ ಹಣವಿಲ್ಲದ ಸ್ಥಿತಿಯ ಸುದ್ದಿ ತಿಳಿದು ಭಾರತದ ಉದ್ಯಮಿ ಜಿ.ಡಿ. ಬಿರ್ಲಾ ಅವರು ಗಡಿಯಾಚೆಗೆ 2000 ರೂಪಾಯಿ ಕಳುಹಿಸಿ, ತಿಂಗಳಿಗೆ 300 ರೂಪಾಯಿ ಮಾಸಾಶನ ಗೊತ್ತುಮಾಡಿದರು. ಪಾಕಿಸ್ತಾನ ಸರಕಾರವೂ ಚಿಕಿತ್ಸೆಗೆ ನೆರವಾಯಿತು. 1960ರ ಮೇ 23ರಂದು ಲಾಹೋರಿನಲ್ಲಿ ಅವರು ಇಹಲೋಕ ತ್ಯಜಿಸಿದರು. ಇಮಾಮ್ ಬಕ್ಷ್ ಅವರ ಮಗ ಭೋಲು ಮತ್ತು ಅವರ ಸಹೋದರರು ಮನೆತನದ ಕುಸ್ತಿಯನ್ನು ಮುಂದುವರಿಸಿದರು. ನೀವು ಎಂದಾದರೂ ಪಟಿಯಾಲಕ್ಕೆ ಹೋದರೆ ಅಲ್ಲಿನ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿ. ಗಾಮಾ ಅವರು ಬಸ್ಕಿ ಹೊಡೆಯುವಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬಳೆಯಾಕಾರದ ಹಸ್ಲಿಯನ್ನು ಅಲ್ಲಿ ಇಟ್ಟಿದ್ದಾರೆ. ಅದರ ತೂಕ 95 ಕಿಲೋ.