ಬೆರಳು ಕಲಿಸಿದ ಲೆಕ್ಕ: ಝಾನ್ ಮಾಸ್ಯೂ

ಕಿವುಡರ ಶಿಕ್ಷಣದ ಚರಿತ್ರೆಯಲ್ಲಿ ಲೆಪೆ ಮತ್ತು ಸಿಕಾರ್ ಎಂಬ ಇಬ್ಬರು ಫ್ರೆಂಚ್ ಪಾದ್ರಿಗಳ ಹೆಸರು ಮೊದಲು ಬರುತ್ತದೆ. ಸಿಕಾರ್ ಅವರ ಶಿಷ್ಯ ಝಾನ್ ಮಾಸ್ಯೂ ಹೆಸರು ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಗಣಿತ ಬೋಧನೆಯನ್ನು ಆರಿಸಿಕೊಂಡ ನನಗೆ ಗುರುಗಳಿಗಿಂತ ಈ ಶಿಷ್ಯನ ಬದುಕೇ ಹೆಚ್ಚು ಮುಖ್ಯವೆನಿಸಿತು. ಯಾವ ಭಾಷೆಯನ್ನೂ ಕಲಿಯುವ ಮೊದಲೇ ತನಗೆ ಎಣಿಸಲು ಬರುತ್ತಿತ್ತು ಎಂದು ಸ್ವತಃ ಬರೆದಿಟ್ಟ ಅಪರೂಪದ ವ್ಯಕ್ತಿ ಆತ.

ಮಾಸ್ಯೂ ಹುಟ್ಟಿದ್ದು 1772ರಲ್ಲಿ, ಫ್ರಾನ್ಸಿನ ಬೋರ್ಡೋ ನಗರದ ಸೀಮೆಯ ಒಂದು ಹಳ್ಳಿಯಲ್ಲಿ. ಬಡ ಕುಟುಂಬ. ಆರು ಜನ ಮಕ್ಕಳು, ಮೂರು ಗಂಡು, ಮೂರು ಹೆಣ್ಣು; ಆರೂ ಮಂದಿ ಹುಟ್ಟು ಕಿವುಡರು. ಮನೆಯವರ ನಡುವೆ ತಮ್ಮದೇ ಆದ ಕೈಸನ್ನೆಗಳಿದ್ದವು. ಊರಿನವರಿಗೆ ಅವು ಅರ್ಥವಾಗುತ್ತಿರಲಿಲ್ಲ. ಹುಡುಗನ ಕೆಲಸ ಕುರಿ ಕಾಯುವುದು.

ಬೇರೆ ಮಕ್ಕಳು ಶಾಲೆಗೆ ಹೋಗುವುದನ್ನು ಕಂಡು ಅವನಿಗೂ ಆಸೆಯಾಯಿತು. ಅಪ್ಪನಿಗೆ ಸನ್ನೆಯಲ್ಲಿ ಕೇಳಿದ. ನೀನು ಕಿವುಡ, ನಿನಗೆ ಕಲಿಯಲಾಗದು ಎಂದು ಅಪ್ಪ ಸನ್ನೆಯಲ್ಲೇ ತಿಳಿಸಿದರು. ಹುಡುಗ ಕಿವಿಗೆ ಬೆರಳಿಟ್ಟು, ಇದನ್ನು ಸ್ವಚ್ಛ ಮಾಡಿಸಿ ಎಂದು ಹಟ ಹಿಡಿದ. ಅದಕ್ಕೆ ಔಷಧವಿಲ್ಲ ಎಂಬ ಉತ್ತರ ಬಂತು. ಒಂದು ದಿನ ಮನೆಯಲ್ಲಿ ಹೇಳದೆ ತಾನೇ ಶಾಲೆಗೆ ಹೋಗಿ, ಓದು ಬರಹ ಕಲಿಸಿ ಎಂದು ಮೇಷ್ಟ್ರಿಗೆ ಸನ್ನೆ ಮಾಡಿದ. ಮೇಷ್ಟ್ರು ಗದರಿಸಿ ಹೊರಗೆ ಕಳಿಸಿದರು. ಅತ್ತುಕೊಂಡು ಮನೆಗೆ ಬಂದವನು ಅಷ್ಟಕ್ಕೆ ಬಿಡಲಿಲ್ಲ, ಲೇಖನಿ ಹಿಡಿದು ಅಕ್ಷರದಂಥ ಗೆರೆಗಳನ್ನು ಎಳೆಯಲು ಪ್ರಯತ್ನಿಸಿದ. ಹದಿಮೂರು ವರ್ಷ ದಾಟುವವರೆಗೂ ಅವನಿಗೆ ಯಾವ ಶಿಕ್ಷಣವೂ ಸಿಗಲಿಲ್ಲ.

ಆದರೆ ಆ ಹದಿಮೂರು ವರ್ಷಗಳಲ್ಲೇ ಅವನು ಎಣಿಸುವುದನ್ನು ಕಲಿತಿದ್ದ. ಮುಂದೆ ತನ್ನ ಬಾಲ್ಯದ ಬಗ್ಗೆ ಬರೆಯುವಾಗ ಮಾಸ್ಯೂ ಇದನ್ನು ಸರಳವಾಗಿ ವಿವರಿಸಿದ್ದಾರೆ. ಅಂಕಿಗಳ ಪರಿಚಯ ಇರಲಿಲ್ಲ. ಬೆರಳುಗಳೇ ಸಂಖ್ಯೆಯನ್ನು ಕಲಿಸಿದವು. ಹತ್ತಕ್ಕಿಂತ ಹೆಚ್ಚಾದಾಗ ಮರದ ತುಂಡಿನ ಮೇಲೆ ಕಚ್ಚು ಹಾಕುತ್ತಿದ್ದರಂತೆ. ವಿವರ ಇಷ್ಟೇ. ಆದರೆ ಒಂದಕ್ಕೊಂದು ಹೊಂದಾಣಿಕೆ ಎಂದು ಪಿಯಾಜೆ ಪಾಠದಲ್ಲಿ ನಾವು ಓದುವ ವಿಷಯ ಪೂರ್ತಿಯಾಗಿ ಇದರಲ್ಲಿದೆ. ಒಂದು ವಸ್ತುವಿಗೆ ಒಂದು ಬೆರಳು, ಬೆರಳು ಮುಗಿದರೆ ಒಂದು ಕಚ್ಚು. ಒಂದು, ಎರಡು, ಮೂರು ಎಂಬ ಪದಗಳೇ ಇಲ್ಲ.

ನಮ್ಮ ಶಾಲೆಗಳಲ್ಲಿ ಸಂಖ್ಯೆ ಒಳಗೆ ಬರುವುದು ಕಿವಿಯ ಬಾಗಿಲಿನಿಂದ. ಎರಡೊಂದ್ಲೆ ಎರಡು ಎಂದು ಇಡೀ ತರಗತಿ ರಾಗವಾಗಿ ಹೇಳುವ ಮಗ್ಗಿಯನ್ನೇ ನೋಡಿ. ಅದು ನಾಲಿಗೆ ಮತ್ತು ಕಿವಿಯ ನೆನಪು. ಬೋಧನಾಭ್ಯಾಸದಲ್ಲಿ ಪಾಠ ವೀಕ್ಷಿಸುವಾಗ ನಾನು ಗಮನಿಸಿದ್ದು, ಪೀಠಿಕೆಯ ಹಂತದ ಬಾಯಿಲೆಕ್ಕಕ್ಕೆ ಥಟ್ಟನೆ ಉತ್ತರಿಸುವ ಮಗುವನ್ನು ಗಣಿತದಲ್ಲಿ ಜಾಣ ಎಂದು ನಾವೆಲ್ಲ ಗುರುತಿಸಿಬಿಡುತ್ತೇವೆ. ಶ್ರವಣದೋಷವಿರುವ ಮಗುವಿಗೆ ಅಲ್ಲಿ ಎದುರಾಗುವ ತೊಡಕು ಲೆಕ್ಕದ್ದಲ್ಲ. ತುಟಿಯ ಚಲನೆ ನೋಡಿ ಗ್ರಹಿಸುವ ಮಗುವಿಗೆ ಎಪ್ಪತ್ತು ಮತ್ತು ಎಂಬತ್ತು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ಹೇಳಿ ನೋಡಿದರೆ ಗೊತ್ತಾಗುತ್ತದೆ. ಹಾಗೆಯೇ ರಾಮನ ಬಳಿ ಸೀತೆಗಿಂತ 5 ಮಾವು ಹೆಚ್ಚಿವೆ ಎಂಬ ಸಮಸ್ಯೆಯಲ್ಲಿ ಇಡೀ ಲೆಕ್ಕ ನಿಂತಿರುವುದು ಗಿಂತ ಎಂಬ ಪ್ರತ್ಯಯದ ಮೇಲೆ. ಅದು ತಪ್ಪಿಹೋದರೆ 5 ರಾಮನ ಮಾವುಗಳ ಸಂಖ್ಯೆಯೇ ಆಗಿಬಿಡುತ್ತದೆ.

ಈ ಕುರಿತು ಸಂಶೋಧನೆಗಳೂ ನಡೆದಿವೆ. ಟೆರೆಜಿನ್ಹಾ ನೂನೆಸ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು–ನಾಲ್ಕು ವರ್ಷದ ಕಿವುಡ ಮಕ್ಕಳಿಗೆ ವಸ್ತುಗಳನ್ನು ಎರಡು ರೀತಿಯಲ್ಲಿ ತೋರಿಸಿ, ಅಷ್ಟೇ ಸಂಖ್ಯೆಯನ್ನು ಮತ್ತೆ ಮಾಡಿ ತೋರಿಸಲು ಹೇಳಿದರು. ಒಂದಾದ ಮೇಲೊಂದರಂತೆ ತೋರಿಸಿದಾಗ ಅವರು ಕೇಳಿಸುವ ಮಕ್ಕಳಿಗೆ ಸಮನಾಗಿದ್ದರು; ಎಲ್ಲವನ್ನೂ ಒಟ್ಟಿಗೆ ಜೋಡಿಸಿ ತೋರಿಸಿದಾಗ ಅವರಿಗಿಂತ ಮುಂದಿದ್ದರು. ಶಾಲೆಗೆ ಬಂದ ಮೇಲೆ ಅನೇಕ ಕಿವುಡ ಮಕ್ಕಳು ಗಣಿತದಲ್ಲಿ ಹಿಂದೆ ಬೀಳುವುದೂ ನಿಜ. ಹಾಗಾದರೆ ನಡುವೆ ಏನಾಯಿತು ಎಂದು ಶಿಕ್ಷಕರು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಆದರೂ ಬೆರಳಿದ್ದರೆ ಸಾಕು, ಭಾಷೆ ಬೇಡ ಎಂದು ಮಾಸ್ಯೂ ಕತೆಯಿಂದ ತೀರ್ಮಾನಿಸಿದರೆ ಅವಸರವಾದೀತು. ನಿಕರಾಗುವಾ ದೇಶದಲ್ಲಿ ಯಾವ ಸಂಜ್ಞಾಭಾಷೆಯೂ ಸಿಗದೆ, ಮನೆಯ ಸನ್ನೆಗಳಲ್ಲೇ ಬೆಳೆದ ಕಿವುಡ ವಯಸ್ಕರ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರೂ ಹಣ ಬಳಸುತ್ತಾರೆ, ಸಂಖ್ಯೆ ಹೇಳಲು ಬೆರಳು ತೋರಿಸುತ್ತಾರೆ. ಆದರೆ ಮೂರನ್ನು ದಾಟಿದರೆ ಬೆರಳುಗಳ ಸಂಖ್ಯೆ ಹತ್ತಿರಹತ್ತಿರ ಬರುತ್ತದೆ, ಪ್ರತಿಸಲ ನಿಖರವಾಗಿರುವುದಿಲ್ಲ. ಹಾಗಿದ್ದರೆ ಮಾಸ್ಯೂಗೆ ಸಾಧ್ಯವಾದದ್ದು ಹೇಗೆ? ನನಗೆ ಎರಡು ಕಾರಣಗಳು ತೋಚುತ್ತವೆ. ಒಂದು, ಅವನು ಒಂಟಿ ಕಿವುಡನಲ್ಲ. ಸನ್ನೆಗೆ ಮರುಸನ್ನೆ ಮಾಡಲು ಐವರು ಒಡಹುಟ್ಟಿದವರಿದ್ದರು. ಇನ್ನೊಂದು, ಕುರಿ ಕಾಯುವವನಿಗೆ ಹತ್ತಿರಹತ್ತಿರದ ಲೆಕ್ಕ ನಡೆಯುವುದಿಲ್ಲ, ಒಂದು ಕುರಿ ಕಡಿಮೆಯಾದರೂ ಗೊತ್ತಾಗಬೇಕು. ಹತ್ತು ದಾಟಿದ ಮೇಲೆ ಬೆರಳನ್ನು ಬಿಟ್ಟು ಕಚ್ಚಿಗೆ ಹೋದದ್ದರಲ್ಲೇ ಲೆಕ್ಕ ತಪ್ಪಬಾರದೆಂಬ ಎಚ್ಚರ ಕಾಣುತ್ತದೆ. ಇದು ನನ್ನ ಊಹೆ; ಮಾಸ್ಯೂ ಹಾಗೆಂದು ಬರೆದಿಲ್ಲ.

ಕೊನೆಗೆ ಹಿತೈಷಿಯೊಬ್ಬರ ನೆರವಿನಿಂದ ಹುಡುಗ ಬೋರ್ಡೋದ ಕಿವುಡರ ಶಾಲೆ ಸೇರಿದ. ಅಲ್ಲಿ ಸಿಕಾರ್ ಗುರುಗಳಾದರು. ಅವರು ವಸ್ತುಗಳ ಚಿತ್ರ ಬರೆದು, ಚಿತ್ರದ ಮೇಲೆಯೇ ಹೆಸರಿನ ಅಕ್ಷರಗಳನ್ನು ಬರೆದು, ಆಮೇಲೆ ಚಿತ್ರವನ್ನು ಅಳಿಸಿ ಅಕ್ಷರಗಳನ್ನಷ್ಟೇ ಉಳಿಸುತ್ತಿದ್ದರು. ಆ ಗೆರೆಗಳೇ ವಸ್ತುವಿನ ಬದಲಿಗೆ ನಿಲ್ಲುತ್ತವೆ ಎಂದು ತಿಳಿದ ಕ್ಷಣದಿಂದ ಮಾಸ್ಯೂಗೆ ಹೆಸರುಗಳ ಹಸಿವು ಹತ್ತಿತು. ತೋಟಕ್ಕೆ, ಕಾಡಿಗೆ ಗುರುವನ್ನು ಕರೆದುಕೊಂಡು ಹೋಗಿ ಕಂಡದ್ದಕ್ಕೆಲ್ಲ ಹೆಸರು ಕೇಳಿ ಬರೆದುಕೊಂಡ. ಎಣಿಸಬಲ್ಲ ಹುಡುಗನಿಗೆ ತಾನು ಎಣಿಸಿದ್ದು ಏನನ್ನು ಎಂದು ಹೇಳುವ ಪದ ಅಷ್ಟು ವರ್ಷ ಇರಲಿಲ್ಲ. ಕಚ್ಚು ಹಾಕಿ ಅಭ್ಯಾಸವಿದ್ದ ಕೈಗೆ, ಒಂದು ಗುರುತು ಇನ್ನೊಂದರ ಬದಲು ನಿಲ್ಲಬಹುದೆಂಬುದು ಪೂರ್ತಿ ಹೊಸ ವಿಷಯವಾಗಿರಲಾರದು ಎಂದು ನನಗನ್ನಿಸುತ್ತದೆ.

ಲೆಪೆ 1789ರಲ್ಲಿ ತೀರಿಕೊಂಡ ಮೇಲೆ ಸಿಕಾರ್ ಪ್ಯಾರಿಸ್ ಶಾಲೆಯ ಮುಖ್ಯಸ್ಥರಾದರು. ಅವರ ಜೊತೆ ಹೋದ ಮಾಸ್ಯೂ ಅಲ್ಲಿಯೇ ಶಿಕ್ಷಕರಾದರು. 1792ರ ಆಗಸ್ಟ್‌ನಲ್ಲಿ ಕ್ರಾಂತಿಯ ಆಡಳಿತ ಸಿಕಾರ್ ಅವರನ್ನು ಬಂಧಿಸಿತು. ಇಪ್ಪತ್ತರ ಹರೆಯದ ಮಾಸ್ಯೂ ತಾವೇ ಮನವಿ ಬರೆದು, ಸಹಪಾಠಿಗಳ ಜೊತೆ ಶಾಸನಸಭೆಗೆ ಹೋಗಿ ಗುರುವಿನ ಬಿಡುಗಡೆ ಕೇಳಿದರು. ಕೆಲವೇ ದಿನಗಳಲ್ಲಿ ಸೆರೆಯಾಳುಗಳ ಹತ್ಯಾಕಾಂಡ ನಡೆಯಿತು; ಸಿಕಾರ್ ಬದುಕುಳಿದರು.

ಮುಂದಿನ ವರ್ಷಗಳಲ್ಲಿ ಸಾರ್ವಜನಿಕ ಪ್ರದರ್ಶನಗಳಲ್ಲಿ ಸಭಿಕರ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರಿಸಿ ಮಾಸ್ಯೂ ಯುರೋಪಿನಲ್ಲೆಲ್ಲ ಹೆಸರಾದರು. ನಾನು ಅದಕ್ಕಿಂತ ದೊಡ್ಡದೆಂದು ಎಣಿಸುವುದು ಅವರು ತರಗತಿಯಲ್ಲಿ ಮಾಡಿದ ಕೆಲಸವನ್ನು. ಅವರ ಶಿಷ್ಯ ಲೊರಾನ್ ಕ್ಲೆರ್ 1816ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಗ್ಯಾಲೊಡೆಟ್ ಜೊತೆ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ಆರಂಭಿಸಿದರು. ಅಮೆರಿಕದ ಸಂಜ್ಞಾಭಾಷೆಯ ಒಂದು ಮುಖ್ಯ ಬೇರು ಅಲ್ಲಿದೆ.

1822ರಲ್ಲಿ ಸಿಕಾರ್ ತೀರಿಕೊಂಡ ಮೇಲೆ ಮಾಸ್ಯೂ ಪ್ಯಾರಿಸ್ ಬಿಡಬೇಕಾಯಿತು. ರೊಡೆಜ್ ಪಟ್ಟಣದ ಕಿವುಡರ ಶಾಲೆಯಲ್ಲಿ ಕೆಲಸ ಮಾಡಿದರು, ಮದುವೆಯಾದರು. ಆಮೇಲೆ ಉತ್ತರದ ಲಿಲ್ ನಗರಕ್ಕೆ ಹೋಗಿ ಅಲ್ಲಿಯೂ ಒಂದು ಶಾಲೆ ತೆರೆದು, 1846ರಲ್ಲಿ ಅದೇ ಊರಿನಲ್ಲಿ ಕೊನೆಯುಸಿರೆಳೆದರು.